ಮಾವ ಕುಡಿತ ಬಿಡ್ತಾರಂತೆ, ಮನೆಯಲ್ಲೇ ಬಿಡಿಸಬಹುದಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಹಾಸನದ ಹತ್ತಿರ ಹಳ್ಳಿಯಲ್ಲಿದ್ದಾರೆ. ವರ್ಷಗಳಿಂದ ದಿನಾ ಎರಡು ಕ್ವಾರ್ಟರ್ ಬ್ರಾಂಡಿ, ಅಂದ್ರೆ 360 ಎಂಎಲ್. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಬಂದಿದೆ. ರಕ್ತಪರೀಕ್ಷೆಯಲ್ಲಿ ಲಿವರ್ ಸ್ಥಿತಿ ತೋರಿಸೋ ಎರಡು ಕಿಣ್ವಗಳ ಪೈಕಿ ಎಎಸ್‌ಟಿ ಅನ್ನೋದು ಎಎಲ್‌ಟಿಗಿಂತ ಎರಡು ಪಟ್ಟು ಜಾಸ್ತಿ. ಈಗ ಅವರೇ ಬಿಡ್ತೀನಿ ಅಂದಿದ್ದಾರೆ. ನಮಗೆ ಅದೇ ದೊಡ್ಡ ಸಮಾಧಾನ.

ಆದರೆ ಹಿಂದೆ ಹಬ್ಬಕ್ಕೆ ಅಂತ ಒಮ್ಮೆಲೇ ಬಿಟ್ಟಾಗ ಮರುದಿನವೇ ಕೈ ನಡುಗಿ ಕಾಫಿ ಲೋಟ ಹಿಡಿಯೋಕೆ ಆಗಲಿಲ್ಲ. ಮೈಯೆಲ್ಲ ಬೆವರು. ರಾತ್ರಿ ಗೋಡೆ ಮೇಲೆ ಹುಳ ಹರಿದಾಡ್ತಿದೆ ಅಂತ ಟವೆಲ್‌ನಲ್ಲಿ ಒರೆಸುತ್ತಿದ್ದರು. ಮತ್ತೆ ಕುಡಿದ ಮೇಲೇ ಅದು ನಿಂತಿದ್ದು.

ದಿಢೀರ್ ಬಿಟ್ಟರೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ ಅಂತ ಊರಿನ ಡಾಕ್ಟರ್ ಹೇಳಿದರು. ಬಿ1 ವಿಟಮಿನ್ ಬರೆದುಕೊಟ್ಟರು. ಅಡ್ಮಿಟ್ ಮಾಡಬೇಕಾ ಅಂದ್ರೆ ‘ನಿಮ್ಮಿಷ್ಟ’ ಅಂದರು! ಅತ್ತೆ, ಮನೆಯಲ್ಲೇ ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿಸೋಣ ಅಂತಾರೆ. ಊಟದಲ್ಲಿ ಬೆರೆಸೋ ಪುಡಿಯ ಜಾಹೀರಾತು ದಯವಿಟ್ಟು ಹಾಕಬೇಡಿ. ಗೊತ್ತಿಲ್ಲದ ಹಾಗೆ ಏನನ್ನೂ ಕೊಡೋದು ನಮಗೆ ಇಷ್ಟವಿಲ್ಲ.

ಮೊದಲೇ ಇಂಥ ಭ್ರಮೆ ಬಂದವರನ್ನು ಅಡ್ಮಿಟ್ ಮಾಡಿಯೇ ಬಿಡಿಸಬೇಕಾ, ಅಥವಾ ಮನೋವೈದ್ಯರ ಮಾತ್ರೆ ಮೇಲೆ ಮನೆಯಲ್ಲೇ ಆಗುತ್ತಾ? ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರೆ ರೆಫರಲ್ ಚೀಟಿ ಬೇಕಾ? ಅನುಭವ ಇರುವವರು, ಡಾಕ್ಟರ್‌ಗಳು ತಿಳಿಸಿ.