ಸ್ಟೆಂಟ್, ಸಕ್ಕರೆ ಕಾಯಿಲೆ ಎರಡೂ ಇರುವಾಗ ಪಿತ್ತಕೋಶದ ಶಸ್ತ್ರಚಿಕಿತ್ಸೆ ಯಾವಾಗ?

ಪ್ರಶ್ನೆ:

ವೈದ್ಯರಿಗೆ ನಮಸ್ಕಾರ. ನಮ್ಮ ತಾಯಿಗೆ 66 ವರ್ಷ. ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ನಾಲ್ಕು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿದ್ದೇವೆ. ಅಂದಿನಿಂದ ರಕ್ತ ತೆಳುಮಾಡುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮಾತ್ರೆಗಳು ಎರಡೂ ನಡೆಯುತ್ತಿವೆ. ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ 1.6 ಇದೆ. ಈಚೆಗೆ ಎರಡು ಸಲ ರಾತ್ರಿ ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ತೀವ್ರ ನೋವು ಬಂದು, ಸುಮಾರು ಮೂರು ಗಂಟೆ ಕಾಡಿ, ತಾನಾಗಿಯೇ ಇಳಿಯಿತು. ಸ್ಕ್ಯಾನ್‌ನಲ್ಲಿ ಪಿತ್ತಕೋಶದಲ್ಲಿ ಹಲವು ಕಲ್ಲುಗಳು ಕಂಡಿವೆ, ದೊಡ್ಡದು 14 ಮಿ.ಮೀ. ಶಸ್ತ್ರಚಿಕಿತ್ಸಕರು ತಡಮಾಡದೆ ತೆಗೆಸಿ ಎನ್ನುತ್ತಾರೆ, ಹೃದಯ ತಜ್ಞರು ವರ್ಷ ತುಂಬುವವರೆಗೆ ಬೇಡ ಎನ್ನುತ್ತಾರೆ. ಯಾರ ಮಾತನ್ನು ಕೇಳಬೇಕು?

ಉತ್ತರ (ಶಸ್ತ್ರಚಿಕಿತ್ಸಾ ತಜ್ಞರು):

ಇಬ್ಬರೂ ಹೇಳಿದ್ದು ಸರಿಯೇ; ಆದರೆ ಒಬ್ಬರು ಕಲ್ಲನ್ನು ನೋಡಿ ಹೇಳಿದ್ದಾರೆ, ಇನ್ನೊಬ್ಬರು ಸ್ಟೆಂಟನ್ನು ನೋಡಿ ಹೇಳಿದ್ದಾರೆ. ನೀವು ತೂಗಬೇಕಾದದ್ದು ಶಸ್ತ್ರಚಿಕಿತ್ಸೆಯ ಅಪಾಯವನ್ನೊಂದೇ ಅಲ್ಲ. ಸಿದ್ಧತೆ ಮಾಡಿಕೊಂಡು ನಾವೇ ಗೊತ್ತುಮಾಡಿದ ದಿನ ನಡೆಯುವ ಶಸ್ತ್ರಚಿಕಿತ್ಸೆಯ ಅಪಾಯವನ್ನು, ಕಲ್ಲು ಪಿತ್ತನಾಳದಲ್ಲಿ ಸಿಕ್ಕಿಕೊಂಡು ಸೋಂಕಾದ ಮೇಲೆ ಅವಸರದಲ್ಲಿ ಮಾಡಬೇಕಾಗಿ ಬರುವ ಶಸ್ತ್ರಚಿಕಿತ್ಸೆಯ ಅಪಾಯದ ಪಕ್ಕದಲ್ಲಿಟ್ಟು ನೋಡಬೇಕು.

ಅದಕ್ಕೂ ಮೊದಲು ಆ ನೋವು ನಿಜವಾಗಿಯೂ ಕಲ್ಲಿನದೇ ಎಂಬುದು ಖಚಿತವಾಗಬೇಕು. ನಾನು ರೋಗಿಗಳಿಗೆ ನೋವಿನ ಜಾಗವನ್ನು ಕೈಯಿಟ್ಟು ತೋರಿಸಲು ಹೇಳುತ್ತೇನೆ. ಅಂಗೈಯನ್ನು ಬಲಪಕ್ಕೆಲುಬಿನ ಕೆಳಗಿಟ್ಟು, ಅಲ್ಲಿಂದ ಬೆನ್ನಿನತ್ತ, ಬಲಭುಜದ ಮೂಳೆಯತ್ತ ಸರಿಸಿದರೆ ಅದು ಹೆಚ್ಚಾಗಿ ಪಿತ್ತಕೋಶದ ನೋವು. ಬರೀ ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ ಆಗಿದ್ದರೆ ಪಿತ್ತಕೋಶ ತೆಗೆದರೂ ಅವು ಹಾಗೆಯೇ ಉಳಿಯುವ ಸಂಭವ ಹೆಚ್ಚು. ನಿಮ್ಮ ತಾಯಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು: ಬಹುಕಾಲದ ಸಕ್ಕರೆ ಕಾಯಿಲೆಯಿದ್ದವರಲ್ಲಿ ಹೃದಯದ ನೋವು ಎದೆಯಲ್ಲಿ ಕಾಣಿಸಿಕೊಳ್ಳದೆ ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳಬಹುದು. ಆದ್ದರಿಂದ ಮುಂದಿನ ಸಲ ನೋವು ಬಂದಾಗ ಮೊದಲು ಇ.ಸಿ.ಜಿ. ಆಗಲಿ, ಸ್ಕ್ಯಾನ್ ಆಮೇಲೆ.

ಇನ್ನು ಸ್ಟೆಂಟ್ ವಿಚಾರ. ಹೃದಯಾಘಾತದ ನಂತರ ಹಾಕಿದ ಸ್ಟೆಂಟ್‌ನ ಒಳಗೋಡೆಗೆ ಹೊಸ ಪದರ ಬೆಳೆದು ಮುಚ್ಚುವವರೆಗೆ ಅಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿರುತ್ತದೆ, ಶಸ್ತ್ರಚಿಕಿತ್ಸೆಯ ಒತ್ತಡ ಆ ಭಯವನ್ನು ಹೆಚ್ಚಿಸುತ್ತದೆ. ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗೆ 12 ತಿಂಗಳು ಕಾಯುವುದು ಒಳ್ಳೆಯದೆನ್ನುವುದು ಇದೇ ಕಾರಣಕ್ಕೆ. ಮೊದಲ ಒಂದು ತಿಂಗಳಂತೂ ಪ್ರಾಣಾಪಾಯವಿಲ್ಲದೆ ಯಾರೂ ಮುಂದಾಗುವುದಿಲ್ಲ. ಮೂರು ತಿಂಗಳು ಕಳೆದ ಮೇಲೆ, ಕಾಯುವುದೇ ಹೆಚ್ಚು ಅಪಾಯವೆಂದು ಕಂಡರೆ, ಹೃದಯ ತಜ್ಞರ ಒಪ್ಪಿಗೆಯೊಂದಿಗೆ ಮಾಡುವುದುಂಟು. ಹಾಗೆ ಮಾಡುವಾಗ ಆಸ್ಪಿರಿನ್ ಸಾಮಾನ್ಯವಾಗಿ ಮುಂದುವರಿಯುತ್ತದೆ. ಕ್ಲೋಪಿಡೊಗ್ರೆಲ್ ನಿಲ್ಲಿಸುವುದಾದರೆ ಐದು ದಿನ ಮೊದಲು. ಆ ನಿರ್ಧಾರ ಹೃದಯ ತಜ್ಞರದ್ದು, ಮನೆಯವರು ಒಂದು ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು.

ನನ್ನ ಅಭಿಪ್ರಾಯ ಇದು: ನೋವು ಎರಡೇ ಸಲ ಬಂದಿದ್ದು, ಜ್ವರ, ಕಾಮಾಲೆ ಇಲ್ಲದೆ ಇಳಿದಿರುವುದರಿಂದ, ಯಕೃತ್ತಿನ ಪರೀಕ್ಷೆ ಸರಿಯಾಗಿದ್ದರೆ ಕಾಯುವತ್ತಲೇ ನನ್ನ ಒಲವು. ನೋವು ಪದೇ ಪದೇ ಬರತೊಡಗಿದರೆ ಆ ಲೆಕ್ಕ ಬದಲಾಗುತ್ತದೆ. ನೋವು ಒಮ್ಮೆ ಶುರುವಾದವರಲ್ಲಿ ಅದು ಮರುಕಳಿಸುವುದೇ ಹೆಚ್ಚು ಎಂಬುದನ್ನೂ ನೀವು ತಿಳಿದಿರಬೇಕು.

ಮರುಪ್ರಶ್ನೆ:

ಕಾಯುವ ಅವಧಿಯಲ್ಲಿ ನಾವು ಏನು ಮಾಡಬೇಕು? ಕಲ್ಲು ಕರಗಿಸುವ ಮಾತ್ರೆ ಕೊಡಬಹುದೇ?

ಉತ್ತರ:

ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಚಿಕ್ಕ ಕೊಲೆಸ್ಟರಾಲ್ ಕಲ್ಲುಗಳ ಮೇಲೆ, ತಿಂಗಳುಗಟ್ಟಲೆ ತೆಗೆದುಕೊಂಡರೆ, ಅಷ್ಟಿಷ್ಟು ಕೆಲಸ ಮಾಡುತ್ತದೆ. ನಿಲ್ಲಿಸಿದ ಮೇಲೆ ಕಲ್ಲು ಮತ್ತೆ ಬೆಳೆಯುವುದೂ ಸಾಮಾನ್ಯ. 14 ಮಿ.ಮೀ. ಕಲ್ಲಿಗೆ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ.

ನೋವಿಗೆ ಡೈಕ್ಲೋಫೆನಾಕ್‌ನಂಥ ಮಾತ್ರೆಯನ್ನಾಗಲಿ ಇಂಜೆಕ್ಷನ್ ಅನ್ನಾಗಲಿ ಕೊಡಿಸಬೇಡಿ. ಪಿತ್ತಕೋಶದ ನೋವಿಗೆ ಸಾಮಾನ್ಯವಾಗಿ ಮೊದಲು ಕೊಡುವುದು ಅದನ್ನೇ, ಆದರೆ ಕ್ರಿಯಾಟಿನಿನ್ 1.6 ಇರುವ ಮೂತ್ರಪಿಂಡಕ್ಕೂ ಈಚೆಗೆ ಆಘಾತ ಕಂಡ ಹೃದಯಕ್ಕೂ ಅದು ಹಾನಿಕರ, ಎರಡು ರಕ್ತ ತೆಳುಮಾಡುವ ಮಾತ್ರೆಗಳ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವವನ್ನೂ ಮಾಡಬಲ್ಲದು. ಅವರ ಮಾತ್ರೆಗಳ ಪಟ್ಟಿಯ ಮೇಲೆ ಈ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದಿಡಿ. ನಡುರಾತ್ರಿ ಆಸ್ಪತ್ರೆಗೆ ಓಡುವಾಗ ಯಾರಿಗೂ ನೆನಪಿರುವುದಿಲ್ಲ.

ಆ ಪಟ್ಟಿಯಲ್ಲಿ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇದೆಯೇ ನೋಡಿ. ಸಕ್ಕರೆಗೂ ಹೃದಯಕ್ಕೂ ಅವು ಒಳ್ಳೆಯ ಔಷಧಿಗಳೇ, ಆದರೆ ಶಸ್ತ್ರಚಿಕಿತ್ಸೆಗೆ ಮೂರು ದಿನ ಮೊದಲೇ ನಿಲ್ಲಿಸದಿದ್ದರೆ, ಗ್ಲುಕೋಮೀಟರ್‌ನಲ್ಲಿ ಸಕ್ಕರೆ ಸರಿಯಾಗಿಯೇ ಕಾಣುತ್ತಿರುವಾಗಲೂ ರಕ್ತದಲ್ಲಿ ಆಮ್ಲ ಏರಿ ರೋಗಿ ಅಪಾಯಕ್ಕೆ ಸಿಲುಕಬಹುದು. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) 8ರ ಒಳಗೆ ಬರಲಿ. ದಿನವೂ ನಡೆಯಲಿ, ಎರಡು ಮಹಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತಬಲ್ಲರೇ ಎಂದು ಅರಿವಳಿಕೆ ತಜ್ಞರು ಕೇಳಿಯೇ ಕೇಳುತ್ತಾರೆ. ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಹಾಕಿ ಮಾಡುವ ಶಸ್ತ್ರಚಿಕಿತ್ಸೆ) ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬುವುದರಿಂದ ವಪೆ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪದರ) ಮೇಲಕ್ಕೊತ್ತಿ ಹೃದಯ, ಶ್ವಾಸಕೋಶಗಳ ಮೇಲೆ ಭಾರ ಬೀಳುತ್ತದೆ. ಹೃದಯ ದುರ್ಬಲವಾಗಿರುವವರಲ್ಲಿ ನಾವು ಆ ಒತ್ತಡವನ್ನು ಎಂದಿನ 12–15ರಿಂದ 8–10 ಮಿ.ಮೀ. ಪಾದರಸಕ್ಕೆ ಇಳಿಸಿ ಕೆಲಸ ಮಾಡಬಹುದು.

ಚಳಿಜ್ವರ, ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಐದಾರು ಗಂಟೆ ಕಳೆದರೂ ಇಳಿಯದ ನೋವು, ನಿಲ್ಲದ ವಾಂತಿ: ಇವುಗಳಲ್ಲಿ ಒಂದು ಕಂಡರೂ ಅದೇ ಗಳಿಗೆ ಹೊರಡಿ. ಸಕ್ಕರೆ ಕಾಯಿಲೆಯಿದ್ದವರಲ್ಲಿ ಪಿತ್ತಕೋಶ ಕೊಳೆಯುವ ಹಂತಕ್ಕೆ ಬಂದರೂ ನೋವು, ಜ್ವರ ಮಂದವಾಗಿಯೇ ಇರಬಹುದು. ಕಾರಣವಿಲ್ಲದೆ ಸಕ್ಕರೆ ಏರಿ ಊಟ ಸೇರದಿದ್ದರೆ ಅದನ್ನೂ ಲಕ್ಷಣವೆಂದೇ ಎಣಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ:

ನನ್ನ ತಂದೆಗೂ ಸಕ್ಕರೆ ಕಾಯಿಲೆಯಿದೆ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಕಲ್ಲು ಕಂಡಿದೆ, ನೋವಿಲ್ಲ. ಮುಂಜಾಗ್ರತೆಗೆ ತೆಗೆಸಬೇಕೇ?

ಉತ್ತರ:

ಬೇಡ. ಹಿಂದೆ ಹಾಗೆ ಸಲಹೆ ಕೊಡುತ್ತಿದ್ದರು, ಈಗ ಸಕ್ಕರೆ ಕಾಯಿಲೆಯೊಂದನ್ನೇ ಕಾರಣ ಮಾಡಿ ತೆಗೆಯುವುದಿಲ್ಲ. ಕಲ್ಲು 3 ಸೆಂ.ಮೀ.ಗಿಂತ ದೊಡ್ಡದಾಗಿದ್ದರೆ, ಅಥವಾ ಜೊತೆಗೆ 1 ಸೆಂ.ಮೀ. ಮೀರಿದ ಪಾಲಿಪ್ (ಪಿತ್ತಕೋಶದ ಒಳಗೋಡೆಯ ಗಂಟು) ಇದ್ದರೆ ಮಾತು ಬೇರೆ. ಅಲ್ಲಿ ಕ್ಯಾನ್ಸರ್‌ನ ಆತಂಕ ಬರುತ್ತದೆ.

ಮೊದಲು ಪ್ರಶ್ನೆ ಕೇಳಿದವರು ತಾಯಿಯ ಯಕೃತ್ತಿನ ಪರೀಕ್ಷೆಯಲ್ಲಿರುವ ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್ ಅಂಕಿಗಳನ್ನೂ ಸ್ಕ್ಯಾನ್ ವರದಿಯಲ್ಲಿರುವ ಪಿತ್ತನಾಳದ ಅಗಲವನ್ನೂ ಇಲ್ಲಿ ಬರೆಯಿರಿ. ನಾಳದಲ್ಲೂ ಕಲ್ಲಿರುವ ಅನುಮಾನ ಬಂದರೆ ಎಂ.ಆರ್.ಸಿ.ಪಿ. (ಪಿತ್ತನಾಳಗಳನ್ನು ತೋರಿಸುವ ಎಂ.ಆರ್.ಐ. ಸ್ಕ್ಯಾನ್) ಮಾಡಿಸಬೇಕಾಗುತ್ತದೆ, ಆಗ ಕಾಯುವಂತೆ ನಾನು ಹೇಳಿದ್ದನ್ನು ಮತ್ತೆ ಯೋಚಿಸಬೇಕಾಗುತ್ತದೆ.