ಸಹಾಯ ಬೇಕು: ಬ್ಲ್ಯಾಕ್‌ಫುಟ್ ಡೈಸಿ ಬೇರು ಕೊಳೀತಿದೆ

ಎಲ್ಲರಿಗೂ ನಮಸ್ಕಾರ, ಮರುಭೂಮಿ ಗಿಡ ಬೆಳೆಸಿ ಅನುಭವ ಇರೋರು ದಯವಿಟ್ಟು ಹೇಳಿ. ನಾವಿರೋದು ಅರಿಜೋನಾದ ಫೀನಿಕ್ಸ್‌ನಲ್ಲಿ, ಲಾನ್ ತೆಗೆಸಿ ಜಲ್ಲಿ ಹಾಕಿಸಿ ಈ ಕಡೆ ಬಂಜರಲ್ಲಿ ತಾನಾಗೇ ಬೆಳೆಯೋ ಗಿಡಾನೇ ಇರ್ಲಿ ಅಂತ ಮೂರು ಬ್ಲ್ಯಾಕ್‌ಫುಟ್ ಡೈಸಿ ನೆಟ್ಟೆ, ಒಂದಡಿ ಎತ್ತರ ದಾಟಲ್ಲ, ಗುಂಡಗೆ ಹರಡ್ಕೊಂಡು ಬಿಳಿ ಹೂವು ಬಿಡುತ್ತಲ್ಲ ಅದೇ, ಹತ್ರ ಹೋದ್ರೆ ಜೇನಿನ ಥರ ಘಮ, ನಂಗಂತೂ ಪ್ರಾಣ. ಎರಡು ತಿಂಗಳು ಚೆನ್ನಾಗಿದ್ವು. ಆಮೇಲೆ ಬಿಸಿಲು 42 ಡಿಗ್ರಿ ದಾಟ್ತು, ಪಾಪ ಒಣಗಿ ಹೋಗ್ತಾವೆ ಅಂತ ಡ್ರಿಪ್‌ನಲ್ಲಿ ದಿನಾ ನೀರು ಬಿಟ್ಟೆ, ತಪ್ಪಾಯ್ತು, ಒಂದು ಗಿಡ ಪೂರ್ತಿ ಹೋಯ್ತು, ಕಿತ್ತು ನೋಡಿದ್ರೆ ಬೇರೆಲ್ಲ ಕಪ್ಪಾಗಿ ಕೊಳೆತಿದೆ. ಇನ್ನೊಂದರ ಬುಡದ ಎಲೆ ಹಳದಿ ಆಗ್ತಿದೆ.

ಪಕ್ಕದಲ್ಲಿ ಗುಂಡಿ ತೋಡಿ ನೀರು ತುಂಬಿಸಿದ್ರೆ ಬೆಳಗಾದ್ರೂ ಇಂಗಿಲ್ಲ, ಕೆಳಗೆ ಕಲೀಚಿ ಅಂತಾರಲ್ಲ ಆ ಗಟ್ಟಿ ಸುಣ್ಣದ ಪದರ ಇದೆ. ಡ್ರಿಪ್ ಈಗ ನಿಲ್ಲಿಸಿದೀನಿ. ಉಳಿದ ಎರಡನ್ನ ಎತ್ತರದ ಮಡಿ ಮಾಡಿ ಅಲ್ಲಿಗೆ ಹಾಕೋಣ ಅಂದ್ರೆ ಇದು ತಾಯಿಬೇರು ಆಳಕ್ಕಿಳಿಯೋ ಗಿಡ, ಕಿತ್ರೆ ಬದುಕುತ್ತಾ ಅನ್ನೋ ಭಯ. ಬಿಸಿಲು ಇಳಿಯೋ ತನಕ ಕಾಯ್ಲಾ? ಅಲ್ಲಿವರೆಗೂ ಎಷ್ಟು ದಿನಕ್ಕೊಂದ್ಸಲ ನೀರು ಕೊಡ್ಲಿ? ಬುಡದ ಸುತ್ತ ಇರೋ ಮರದ ಚಕ್ಕೆ ತೆಗೆದು ಬರೀ ಜಲ್ಲಿ ಬಿಡ್ಲಾ?