ಎಂಸಿಬಿ ಟ್ರಿಪ್ ಆಗಿಲ್ಲ, ಆದರೆ ಪ್ಲಗ್ ಸುಡುತ್ತಿದೆ: ಗ್ರೋ ಲೈಟ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಶಿಡ್ಲಘಟ್ಟ ಹತ್ತಿರದ ಹಳ್ಳಿಯಿಂದ)

ಅಣ್ಣ, ನಮಸ್ಕಾರ. ನಮ್ಮದು ಹಳೇ ರೇಷ್ಮೆ ಹುಳು ಮನೆ. ಎರಡು ವರ್ಷದಿಂದ ಹುಳು ಸಾಕುತ್ತಿಲ್ಲ. ಅದರೊಳಗೆ ಕ್ಯಾಪ್ಸಿಕಂ, ಟೊಮೆಟೊ ಸಸಿ ಬೆಳೆಸೋಣ ಅಂತ 600 ವ್ಯಾಟ್‌ನ ಎರಡು ಎಲ್‌ಇಡಿ ಗ್ರೋ ಲೈಟ್ ತಂದಿದ್ದೇನೆ. ದಿನಕ್ಕೆ 16 ಗಂಟೆ ಉರಿಯುತ್ತವೆ. ಗೋಡೆಯಲ್ಲಿ ಇರುವುದು ಒಂದೇ 6 ಆಂಪಿಯರ್ ಸಾಕೆಟ್. ಅದಕ್ಕೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಎರಡನ್ನೂ ಸಿಕ್ಕಿಸಿದ್ದೇನೆ. ನಾಲ್ಕು ದಿನ ಚೆನ್ನಾಗಿತ್ತು. ನಿನ್ನೆ ನೋಡಿದರೆ ಪ್ಲಗ್ ಮುಟ್ಟೋಕೆ ಆಗದಷ್ಟು ಬಿಸಿ. ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದೆ. ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಮಾತ್ರ ಒಂದು ಸಲವೂ ಟ್ರಿಪ್ ಆಗಿಲ್ಲ. ಟ್ರಿಪ್ ಆಗಿಲ್ಲ ಅಂದ್ರೆ ಲೋಡ್ ಜಾಸ್ತಿ ಇಲ್ಲ ಅಂತ ಅಲ್ವಾ?

ಉತ್ತರ (ಚಿಕ್ಕಬಳ್ಳಾಪುರ, ವೈರಿಂಗ್ ಕಂಟ್ರಾಕ್ಟರ್)

ತಮ್ಮಾ, ಮೊದಲು ಮೇನ್ ಆಫ್ ಮಾಡಿ ಆ ಪ್ಲಗ್ ತೆಗೆಯಿರಿ. ಉಳಿದದ್ದನ್ನು ಆಮೇಲೆ ಓದಿ.

ಎಂಸಿಬಿ ಮಟ್ಟಿಗೆ ನೀವು ಹೇಳಿದ್ದು ಸರಿ. 1200 ವ್ಯಾಟನ್ನು 230 ವೋಲ್ಟ್‌ನಿಂದ ಭಾಗಿಸಿದರೆ 5.2 ಆಂಪಿಯರ್. 6 ಆಂಪಿಯರ್ ಎಂಸಿಬಿ ಇದ್ದರೂ ಟ್ರಿಪ್ ಆಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಲೈನಿನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಅನ್ನುವುದಷ್ಟೇ. ಆಚೆ ಗೋಡೆಯ ಸಾಕೆಟ್ ಸುಡುತ್ತಿದೆಯೋ ಇಲ್ಲವೋ ಅದಕ್ಕೆ ತಿಳಿಯುವುದೇ ಇಲ್ಲ.

ಸಾಕೆಟ್ ಒಳಗೆ ಹಿತ್ತಾಳೆ ಪಟ್ಟಿ ಇರುತ್ತದೆ. ಅದು ಪಿನ್ನನ್ನು ಬಿಗಿಯಾಗಿ ಹಿಡಿದಿರಬೇಕು. ಹಿಡಿತ ಸಡಿಲವಾಗಿ ಅಲ್ಲಿ ಬರೀ 1 ಓಮ್ ಪ್ರತಿರೋಧ ಸೇರಿಕೊಂಡಿತು ಅಂದುಕೊಳ್ಳಿ. 5.2 ಆಂಪಿಯರ್ ಹರಿದರೆ ಆ ಒಂದು ಜಾಗದಲ್ಲೇ ಸುಮಾರು 27 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಸಣ್ಣ ಸೋಲ್ಡರಿಂಗ್ ಐರನ್ ಇರುತ್ತದಲ್ಲ, ಅದು 25 ವ್ಯಾಟ್. ಅಂಥದ್ದನ್ನು ಪ್ಲಾಸ್ಟಿಕ್ ಸಾಕೆಟ್ ಒಳಗೆ 16 ಗಂಟೆ ಇಟ್ಟ ಹಾಗಾಯಿತು. ಬಿಸಿಗೆ ಪಟ್ಟಿ ಇನ್ನೂ ಸಡಿಲವಾಗುತ್ತದೆ, ಸಡಿಲವಾದಷ್ಟೂ ಬಿಸಿ ಏರುತ್ತದೆ. ಮಿಕ್ಸಿ ಐದು ನಿಮಿಷ ಓಡಿ ನಿಲ್ಲುತ್ತದೆ, ಸಾಕೆಟ್ ಆರುತ್ತದೆ. ಗ್ರೋ ಲೈಟ್ ಆರಲು ಬಿಡುವುದಿಲ್ಲ. ಅದಕ್ಕೇ ಗಂಟೆಗಟ್ಟಲೆ ಉರಿಯುವ ಲೋಡನ್ನು ನಾನು ಸಾಕೆಟ್ ಮೇಲೆ ಬರೆದಿರುವ ಆಂಪಿಯರ್‌ನ ಶೇಕಡಾ 80ಕ್ಕಿಂತ ಮೇಲೆ ಬಿಡುವುದಿಲ್ಲ. 6 ಆಂಪಿಯರ್ ಸಾಕೆಟ್ ಆದರೆ 1100 ವ್ಯಾಟ್, 16 ಆಂಪಿಯರ್ ಆದರೆ 2900 ವ್ಯಾಟ್. ನೀವು ಆ ಗಡಿ ದಾಟಿದ್ದೀರಿ.

ನಿಮ್ಮದು ಹುಳು ಮನೆ ಅಂದ ತಕ್ಷಣ ನನಗೆ ಇನ್ನೊಂದು ಅನುಮಾನ ಬಂತು. ವರ್ಷಗಟ್ಟಲೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದಿರುತ್ತೀರಿ. ಅದರ ಕ್ಲೋರಿನ್ ತಾಮ್ರ, ಹಿತ್ತಾಳೆ ಎರಡನ್ನೂ ತಿನ್ನುತ್ತದೆ. ಇಂಥ ಮನೆಗಳಲ್ಲಿ ಬೋರ್ಡ್ ಬಿಚ್ಚಿದಾಗ ಸ್ಕ್ರೂ, ಪಟ್ಟಿ ಎಲ್ಲ ಹಸಿರು ಕಟ್ಟಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಆ ಸಾಕೆಟ್ ಬದಲಿಸಿದರೆ ಸಾಲದು. ಡಿಬಿಯಿಂದಲೇ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯಿಂದಲೇ, ಬೇರೆ ಲೈನ್ ಎಳೆಸಿ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, ಅದಕ್ಕೇ ಅಂತ 16 ಆಂಪಿಯರ್ ಎಂಸಿಬಿ, ಗೋಡೆಯಲ್ಲಿ 16 ಆಂಪಿಯರ್‌ನ ಎರಡು ಸಾಕೆಟ್. ಲೈಟಿಗೊಂದು ಸಾಕೆಟ್, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಮೂಲೆಯಲ್ಲಿ ಹಳೇ ಚಂದ್ರಿಕೆಗಳನ್ನು (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಪೇರಿಸಿಟ್ಟಿದ್ದರೆ ದಯವಿಟ್ಟು ಹೊರಗೆ ಸಾಗಿಸಿ. ಒಣಗಿದ ಬಿದಿರು ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.

ಅದೇ ಪ್ರಶ್ನೆಗಾರ

ಚಂದ್ರಿಕೆ ಇವತ್ತೇ ತೆಗೆಸುತ್ತೇನೆ ಅಣ್ಣ. ಇನ್ನೊಂದು ಸಂದೇಹ. ಲೈಟ್ ಜೊತೆ ಬಂದ ಪ್ಲಗ್ ಚಪ್ಪಟೆ ಪಿನ್ನಿನದು. ನಮ್ಮ ಸಾಕೆಟ್‌ಗೆ ಕೂರುವುದಿಲ್ಲ ಅಂತ ಸಣ್ಣ ಅಡಾಪ್ಟರ್ ಹಾಕಿದ್ದೇನೆ. ನಡೆಯುತ್ತದಾ?

ಉತ್ತರ

ಬೇಡ. ಅದೂ ಒಂದು ಸಡಿಲ ಜಾಗವೇ. ಸಾಲದ್ದಕ್ಕೆ ಎಷ್ಟೋ ಅಡಾಪ್ಟರ್‌ಗಳಲ್ಲಿ ಅರ್ಥ್ ಪಿನ್ ಹೆಸರಿಗೆ ಮಾತ್ರ ಇರುತ್ತದೆ. ಪ್ಲಗ್ ಕತ್ತರಿಸಿ ಐಎಸ್‌ಐ ಗುರುತಿನ ಮೂರು ಪಿನ್ ಪ್ಲಗ್ ಹಾಕಿಸಿ. ಹಸಿರು ವೈರ್ ಮೇಲಿನ ದಪ್ಪ ಪಿನ್ನಿಗೇ ಹೋಗಬೇಕು. ಲೈಟಿನ ಮೈ ಅಲ್ಯೂಮಿನಿಯಂ. ಒಳಗೆ ಫೇಸ್ ತಾಗಿದರೆ ಕರೆಂಟನ್ನು ನೆಲಕ್ಕೆ ಇಳಿಸಲು ಆ ವೈರ್ ಬಿಟ್ಟರೆ ಬೇರೆ ದಾರಿಯಿಲ್ಲ.

ಹಾಗೇ ಲೈಟಿನ ಹಿಂದಿನ ಲೇಬಲ್ ಓದಿ. ಹೆಸರಲ್ಲಿ ದೊಡ್ಡ ಅಂಕಿ ಹಾಕಿ ಮಾರುತ್ತಾರೆ, ನಿಜವಾಗಿ ಎಳೆಯುವುದು ಬೇರೆಯೇ ಇರುತ್ತದೆ. ಇನ್‌ಪುಟ್ ಅಂತ ಬರೆದಿರುವ ವ್ಯಾಟ್, ಆಂಪಿಯರ್ ಮಾತ್ರ ಲೆಕ್ಕಕ್ಕೆ. ನಮ್ಮ ಕಡೆ ವೋಲ್ಟೇಜ್ ಬೀಳುತ್ತದಲ್ಲ, ಆಗ ಹಳೇ ಬಲ್ಬ್ ಮಂಕಾಗಿ ಕರೆಂಟ್ ಕಡಿಮೆ ಎಳೆಯುತ್ತಿತ್ತು. ಎಲ್‌ಇಡಿ ಡ್ರೈವರ್ ಹಾಗಲ್ಲ. ವ್ಯಾಟ್ ಕಾಪಾಡಿಕೊಳ್ಳಲು ಜಾಸ್ತಿ ಆಂಪಿಯರ್ ಎಳೆಯುತ್ತದೆ. 180 ವೋಲ್ಟ್‌ಗೆ ಇಳಿದರೆ ನಿಮ್ಮ 5.2 ಆಂಪಿಯರ್ 6.7 ಆಗುತ್ತದೆ.

ಪ್ರಶ್ನೆ (ಮಾಲೂರಿನಿಂದ)

ಸಾರ್, ನಾನು ಮಹಡಿ ಮೇಲಿನ ರೂಮಿನಲ್ಲಿ ಇಂಥವೇ ನಾಲ್ಕು ಲೈಟ್ ಹಾಕಬೇಕು ಅಂತಿದ್ದೇನೆ. ಗೀಸರ್‌ಗೆ ಹಾಕಿಸಿದ 16 ಆಂಪಿಯರ್ ಪಾಯಿಂಟ್ ಪಕ್ಕದಲ್ಲೇ ಇದೆ. ಸಸಿಗೆ ನೀರು ಸಿಂಪಡಿಸುವುದರಿಂದ ನೆಲ ಯಾವಾಗಲೂ ಒದ್ದೆ. ಸೇವಂತಿಗೆ ತೋಟದವರು ರಾತ್ರಿಯೆಲ್ಲ ನೂರಾರು ಬಲ್ಬ್ ಉರಿಸುತ್ತಾರೆ, ಅವರಿಗೇನೂ ಆಗುವುದಿಲ್ಲವಲ್ಲ?

ಉತ್ತರ

ಅಕ್ಕಾ, ಅವರದು ಬೇರೆ ಕೆಲಸ. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುತ್ತದೆ. ಬೇಗ ಹೂ ಬಿಡದಿರಲಿ ಅಂತ ಕತ್ತಲೆ ಮುರಿಯಲು ಒಂದಿಷ್ಟು ಬೆಳಕು ಸಾಕು. 9 ವ್ಯಾಟ್‌ನ ನೂರು ಬಲ್ಬ್ ಸೇರಿದರೂ 900 ವ್ಯಾಟ್. ನಿಮ್ಮ ನಾಲ್ಕೇ ಲೈಟ್ 2400 ವ್ಯಾಟ್, ಅಂದರೆ 10.4 ಆಂಪಿಯರ್.

ಅಷ್ಟನ್ನು 16 ಆಂಪಿಯರ್ ಲೈನ್ ತಡೆಯುತ್ತದೆ. ಆದರೆ ಅದೇ ಲೈನಿನಲ್ಲಿ 2000 ವ್ಯಾಟ್ ಗೀಸರ್ ಹಾಕಿದ ಕ್ಷಣ 19 ದಾಟುತ್ತದೆ. ಟ್ರಿಪ್ ಆಗುತ್ತಿದೆ ಅಂತ ಯಾರಾದರೂ 32ರ ಎಂಸಿಬಿ ಹಾಕಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಎಂಸಿಬಿ ಇರುವುದು ಗೋಡೆಯೊಳಗಿನ ವೈರ್ ಕಾಯಲು. ದೊಡ್ಡದು ಹಾಕಿದರೆ ಅದಕ್ಕಿಂತ ಮೊದಲು ವೈರ್ ಬೇಯುತ್ತದೆ. ಲೈಟಿಗೆ ಬೇರೆ ಲೈನೇ ಬೇಕು. ನಾಲ್ಕೂ ಒಟ್ಟಿಗೆ ಆನ್ ಆದಾಗ ಒಂದು ಕ್ಷಣ ಜಾಸ್ತಿ ಕರೆಂಟ್ ಎಳೆದು ಸುಮ್ನೆ ಟ್ರಿಪ್ ಆಗಬಹುದು. ಅದಕ್ಕೆ ಸಿ ಟೈಪ್ ಎಂಸಿಬಿ ಹಾಕಿಸಿ. ಟೈಮರ್ ಇದ್ದರೆ ಒಂದೊಂದೇ ಲೈಟ್ ಆನ್ ಆಗುವ ಹಾಗೆ ಇಡಿ.

ಒದ್ದೆ ನೆಲ ಅಂದಿರಲ್ಲ, ನನಗೆ ಹೆಚ್ಚು ಭಯ ಅದರದ್ದೇ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಆಫ್ ಆಗುವ ಸ್ವಿಚ್) ಇಲ್ಲದೆ ಆ ರೂಮಿನಲ್ಲಿ ಲೈಟ್ ಹಾಕಲೇಬೇಡಿ. ಮೈಗೆ ಕರೆಂಟ್ ಹರಿದರೆ ಎಂಸಿಬಿ ಕಾಯುವುದಿಲ್ಲ, ಆರ್‌ಸಿಸಿಬಿ ಕಾಯುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಸಾಕೆಟ್ ಎದೆ ಎತ್ತರಕ್ಕಿರಲಿ. ವೈರ್ ಸಾಕೆಟ್‌ಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಬಾಗಿ ಮೇಲೆ ಏರಲಿ. ನೀರು ವೈರ್ ಗುಂಟ ಇಳಿದು ಬಂದರೂ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಬಿಲ್ಲಿನ ಲೆಕ್ಕವನ್ನೂ ಹಾಕಿಕೊಳ್ಳಿ. 16 ಗಂಟೆಗೆ ದಿನಕ್ಕೆ 38 ಯೂನಿಟ್ ಚಿಲ್ಲರೆ, ತಿಂಗಳಿಗೆ 1150ರ ಹತ್ತಿರ. 200 ಯೂನಿಟ್ ದಾಟಿದರೆ ಗೃಹಜ್ಯೋತಿ ಸಿಗುವುದಿಲ್ಲ, ಪೂರ್ತಿ ಬಿಲ್ ಬರುತ್ತದೆ. ಮೀಟರಿಗೆ ಮಂಜೂರಾದ ಲೋಡ್ ಎಷ್ಟು ಅಂತ ಬಿಲ್ಲಿನಲ್ಲೇ ಇರುತ್ತದೆ. ಕಡಿಮೆ ಇದ್ದರೆ ಬೆಸ್ಕಾಂನಲ್ಲಿ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಸಸಿ ಮಾರುವುದಾದರೆ ಯಾವ ಮೀಟರ್ ಬೇಕು ಅಂತಲೂ ಅಲ್ಲೇ ಕೇಳಿ.

ಅದೇ ಶಿಡ್ಲಘಟ್ಟದ ಪ್ರಶ್ನೆಗಾರ, ಮೂರು ದಿನದ ನಂತರ

ಅಣ್ಣ, ಬೋರ್ಡ್ ಬಿಚ್ಚಿಸಿದೆ. ನೀವು ಹೇಳಿದ ಹಾಗೇ ಸ್ಕ್ರೂಗಳೆಲ್ಲ ಹಸಿರು. ನ್ಯೂಟ್ರಲ್ ವೈರಿನ ಸಿಪ್ಪೆ ಒಂದು ಬೆರಳುದ್ದ ಸುಟ್ಟು ಉದುರಿತ್ತು. ಹೊಸ ಲೈನ್ ಆಯಿತು, ಈಗ ಲೈಟ್ ಉರಿಯುತ್ತಿದೆ.

ಉತ್ತರ

ಒಳ್ಳೆಯದಾಯಿತು ತಮ್ಮಾ. ಇವತ್ತು ಒಂದು ಗಂಟೆ ಉರಿದ ಮೇಲೆ ಸ್ವಿಚ್ ಆಫ್ ಮಾಡಿ, ಎರಡೂ ಪ್ಲಗ್‌ಗಳಿಗೆ ಹಿಂಗೈ ತಾಗಿಸಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲು ಆಗದಿದ್ದರೆ ಮತ್ತೆ ಹಾಕಬೇಡಿ, ನನಗೆ ಬರೆಯಿರಿ.